ಅಜ್ಜಿ ಆಡದ ಮಾತು

ತಿಪ್ಪಮ್ಮ, ನೀನು ಈ ಮನೆಯ ಮಗುವಲ್ಲವೆಂದು ನಿನ್ನ ಅಜ್ಜಿ ಯಾವತ್ತೂ ಅಂದಿರಲಿಲ್ಲ. ಅಂದಳೆಂದು ನಿನಗೆ ಹೇಳಿದವಳು ನಾನು, ನಿನ್ನವ್ವ. ಸುಳ್ಳು ಹೇಳಿದೆ — ಇಷ್ಟು ವರ್ಷ ಆ ಸುಳ್ಳನ್ನು ಸತ್ತವಳ ತಲೆಗೆ ಕಟ್ಟಿ ಸುಮ್ಮನಿದ್ದೆ.

ಹೋದ ವಾರ ನೀನು ಹೊಸದುರ್ಗದಿಂದ ಬಂದಿದ್ದಾಗ ನಿನ್ನ ಮಗ ಉಣ್ಣುವುದಿಲ್ಲವೆಂದು ತಟ್ಟೆ ಎಸೆದು ನೆಲದಲ್ಲಿ ಹೊರಳಾಡಿದ. ನೀನು ಗದರಲಿಲ್ಲ, ಪಕ್ಕದಲ್ಲಿ ಕುಳಿತು ಕಾದೆ. ಅವನು ಸುಸ್ತಾಗಿ ನಿನ್ನ ತೊಡೆಯ ಮೇಲೆ ತಲೆಯಿಟ್ಟಾಗ ನೀನು, "ನಮ್ಮಜ್ಜಿ ನಂಗೆ ಅಂದಂಗೆ ನಾನು ಇವ್ನಿಗೆ ಯಾವತ್ತೂ ಅನ್ನಲ್ಲವ್ವ" ಎಂದೆ. ನಾನು ಒಲೆ ಊದುವ ನೆಪ ಮಾಡಿ ಆ ಕಡೆ ತಿರುಗಿದೆ.

ಎಪ್ಪತ್ತರ ದಶಕದ ಮಾತು. ಆಗ ನಾವು ಶ್ರೀರಾಂಪುರದ ಹತ್ತಿರ ಹಟ್ಟಿಯಲ್ಲಿದ್ದೆವು. ನಿನ್ನಪ್ಪ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ನನ್ನ ಅತ್ತೆ, ಅಂದರೆ ನಿನ್ನಜ್ಜಿ, ಮತ್ತೆ ನಾನು, ನೀನು. ನಿನಗಿಂತ ಮೊದಲು ಹುಟ್ಟಿದವು ಯಾವುವೂ ಉಳಿದಿರಲಿಲ್ಲ. ಅದಕ್ಕೇ ನಮ್ಮ ಕಡೆಯ ಪದ್ಧತಿಯಂತೆ ನಿನ್ನನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟೆವು. ಪಕ್ಕದ ಮನೆಯ ಕರಿಯಮ್ಮ ಎತ್ತಿಕೊಂಡಳು. ಅವಳಿಗೆ ತೌಡು ಕೊಟ್ಟು ನಿನ್ನನ್ನು ವಾಪಸ್ ಕೊಂಡೆವು, ತಿಪ್ಪಮ್ಮ ಎಂದು ಹೆಸರಿಟ್ಟೆವು. ಬಿಸಾಡಿದ ಕೂಸು ಎಂದುಕೊಂಡು ಸಾವು ಇತ್ತ ನೋಡದಿರಲಿ ಅಂತ. ಉಳಿಯಲೇಬೇಕು ಎಂದು ಹಂಬಲಿಸಿದ ಮಗುವಿಗೆ ಮಾತ್ರ ಹಾಗೆ ಮಾಡುತ್ತಾರೆ. ಇದನ್ನು ನಿನಗೆ ಮುದ್ದಿನಿಂದ ಹೇಳಬಹುದಿತ್ತು — ನಾನು ಹೇಳಿದ್ದೇ ಬೇರೆ.

ನೀನು ಬೆಳೆದಂತೆ ಎಲ್ಲದಕ್ಕೂ "ಒಲ್ಲೆ ಹೋಗು". ತಲೆ ಬಾಚಲು ಕೂರಿಸಿದರೆ ಬಾಚಣಿಗೆ ಬೇಲಿಯಾಚೆ. ನೀರು ತಾ ಅಂದರೆ ತುಂಬಿದ ಕೊಡವನ್ನೇ ಉರುಳಿಸುತ್ತಿದ್ದೆ. ಸ್ಕೂಲಿನಲ್ಲಿ ಮೇಷ್ಟ್ರಿಗೇ ಎದುರುತ್ತರ. ಹಟ್ಟಿಯ ಹೆಂಗಸರು ನನ್ನನ್ನು ನೋಡಿ ನಗುತ್ತಿದ್ದರು. ನಿನ್ನ ಹಟಕ್ಕಿಂತ ಆ ನಗುವೇ ನನ್ನ ಹೊಟ್ಟೆ ಉರಿಸುತ್ತಿತ್ತು. ಒಂದು ಮಧ್ಯಾಹ್ನ, ಅತ್ತೆ ಹೊಲಕ್ಕೆ ಹೋಗಿದ್ದಾಗ, ನೀನು ಹಿಟ್ಟಿನ ಮಡಕೆ ಒಡೆದೆ. ನಾನು ನಿನ್ನ ರಟ್ಟೆ ಹಿಡಿದು ಅಂದೆ, "ನಿಮ್ಮಜ್ಜಿ ಏನಂತಾಳೆ ಗೊತ್ತೇನೇ? ನೀನು ಈ ಮನೆ ಕೂಸೇ ಅಲ್ವಂತೆ. ತಿಪ್ಪೆಯಾಗಿಂದ ಎತ್ಕೊಂಡು ಬಂದಿದ್ದಂತೆ. ಹಿಂಗೇ ಮಾಡ್ತಿದ್ರೆ ಕರಿಯಮ್ಮಗೆ ವಾಪಸ್ ಕೊಟ್ಬಿಡ್ತಾಳಂತೆ."

ಮಾತು ನಾಟಿತು. ನೀನು ಬಾಯಿ ಮುಚ್ಚಿದೆ. ಹೇಳಿದ ಕೆಲಸ ಮಾಡುತ್ತಿದ್ದೆ, ಎರಡನೆಯ ಸಲ ಸಾರು ಕೇಳುತ್ತಿರಲಿಲ್ಲ, ಚಾಪೆಯ ಅಂಚಿನಲ್ಲಿ ಮಲಗುತ್ತಿದ್ದೆ. ಹುಡುಗಿ ಎಷ್ಟು ಚೆನ್ನಾಗಿ ತಿದ್ದಿಕೊಂಡಳು ಎಂದು ಹಟ್ಟಿಯವರು ಹೊಗಳಿದರು — ನಾನು ಹಿಗ್ಗಿದೆ. ನೀನು ಹೆದರಿದ್ದೀಯ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೇ ಬಿಟ್ಟೆ.

ಒಂದು ಸಂಜೆ ಕರಿಯಮ್ಮ ನಿನ್ನ ಕೈ ಹಿಡಿದುಕೊಂಡು ಬಂದಳು. ನಿನ್ನ ಕಂಕುಳಲ್ಲಿ ಬಟ್ಟೆಯ ಗಂಟು. "ನಿಮ್ಮನೆಗೆ ಯಾವಾಗ ಬರ್ಲಿ ಅಂತ ಕೇಳ್ತೈತಲ್ರೀ ಕೂಸು. ಯಾರು ಏನಂದ್ರಿ ಇದಕ್ಕೆ?" ನೀನು ಅಜ್ಜಿಯತ್ತ ಬೆರಳು ತೋರಿಸಿದೆ. ಅತ್ತೆ ನನ್ನ ಮುಖ ನೋಡಿದಳು. ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯಿತು.

"ಹೂಂ ಕಣವ್ವ, ನಾನೇ ಅಂದಿದ್ದೆ," ಎಂದಳು. "ಸುಳ್ಳು ಅಂದಿದ್ದೆ. ನೀನು ನಿಮ್ಮವ್ವನ ಹೊಟ್ಟೆಯಾಗೇ ಹುಟ್ಟಿದ್ದು, ನಾನೇ ಕಣ್ಣಾರೆ ಕಂಡೀನಿ."

ನೀನು ಗಂಟು ಬಿಸಾಡಿ ನನ್ನ ಸೊಂಟ ತಬ್ಬಿಕೊಂಡೆ. ಆಮೇಲೆ ಕೊಟ್ಟಿಗೆಯಲ್ಲಿ ಅತ್ತೆ ನನಗೆ, "ಅಜ್ಜಿ ಮ್ಯಾಲೆ ಸಿಟ್ಟಿದ್ರೂ ಕೂಸು ಬದುಕ್ತೈತೆ. ಅವ್ವನ್ನೇ ನಂಬಬಾರ್ದು ಅಂದ್ರೆ ಎಲ್ಲಿಗೋಗ್ಬೇಕು ಅದು?" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ನೀನು ಮತ್ತೆ "ಒಲ್ಲೆ ಹೋಗು" ಅಂದೆ. ನನಗೆ ಅಳು, ನಗು ಎರಡೂ ಬಂದವು. ಅಂದಿನಿಂದ ನಾನು ಬದಲಾಗಲು ನೋಡಿದೆ — ಒಂದೇ ಸಲಕ್ಕಲ್ಲ, ಎಷ್ಟೋ ದಿನ ಸೋತು. "ನೀರಿಗೆ ಬರ್ತೀಯೋ, ಮರಿ ಕಾಯ್ತೀಯೋ?" ಎಂದು ಕೇಳಿ, ನೀನು ಆರಿಸಿದ್ದನ್ನು ಒಪ್ಪಿಕೊಳ್ಳುತ್ತಿದ್ದೆ. ನಾಲ್ಕು ಜನರ ಮುಂದೆ ನಿನ್ನನ್ನು ಬೈಯುವುದು ಬಿಟ್ಟೆ. ನೀನು ಕೂಗಾಡಿದರೆ ನಾನು ರಾಗಿ ಆರಿಸುತ್ತ ಅಲ್ಲೇ ಕೂರುತ್ತಿದ್ದೆ. ತಾಯಿ ಸತ್ತ ಮರಿಯೊಂದನ್ನು ನಿನಗೇ ಒಪ್ಪಿಸಿದೆವು; ಅದಕ್ಕೆ ಹಾಲು ಕುಡಿಸಿ, ಆಮೇಲೆ ನೀನಾಗಿಯೇ ಸ್ಲೇಟು ಹಿಡಿದು ಸ್ಕೂಲಿಗೆ ಹೊರಡುತ್ತಿದ್ದೆ.

ಆದರೆ ಅಜ್ಜಿಯ ಹತ್ತಿರ ಮಾತ್ರ ನೀನು ಹೋಗಲಿಲ್ಲ. ಅವಳು ಹಾಸಿಗೆ ಹಿಡಿದಾಗ, ನಿನ್ನ ಕೈಯಿಂದ ನೀರು ಬೇಕೆಂದಳು. ನೀನು ಬಾಗಿಲಲ್ಲೇ ನಿಂತು "ಒಲ್ಲೆ" ಅಂದೆ. "ಬಿಡು, ಬಲವಂತ ಮಾಡಬ್ಯಾಡ" ಎಂದಳು ಅತ್ತೆ. ಚೊಂಬು ನನ್ನ ಕೈಯಲ್ಲಿತ್ತು. ಆ ಸುಳ್ಳು ನನ್ನದು ಎಂದು ಒಂದು ಮಾತು ಹೇಳಿದ್ದರೆ ನೀನು ಓಡಿ ಬರುತ್ತಿದ್ದೆ... ನಾನೇ ನೀರು ಕುಡಿಸಿದೆ.

ಬರುವ ಭಾನುವಾರ ನೀನು ಬರುತ್ತೀಯ. ಓದಿಕೋ ಎಂದು ಈ ಕಾಗದವನ್ನು ನಿನ್ನ ಕೈಗಿಟ್ಟು ಒಳಗೆ ಹೋಗುವುದಿಲ್ಲ. ನಾನೇ ಎದುರು ಕೂತು ಓದಿ ಹೇಳುತ್ತೇನೆ. ಅಜ್ಜಿಯ ಮೇಲಿನ ಸಿಟ್ಟನ್ನೆಲ್ಲ ತೆಗೆದು ನನ್ನ ಮೇಲೆ ಹಾಕು. ಕೂಗಾಡು, ನಾನು ಎದ್ದು ಹೋಗುವುದಿಲ್ಲ. ಕೂಗಾಡಿ ಮುಗಿದ ಮೇಲೆ, ಅಜ್ಜಿ ಹೇಗಿದ್ದಳು ಎಂದು ನೀನು ಕೇಳೇ ಕೇಳುತ್ತೀಯ. ಆಗ ಎಲ್ಲ ಹೇಳುತ್ತೇನೆ.