ಪಂಪಿನ ಗೂಡಿಗೊಂದು ಹೊಸ್ತಿಲು

ಪಾಲಬಾವಿಯ ಗಂಗಾರಾಮ ಬಡಿಗೇರನಿಗೆ ಜಂಭ ತುಸು ಜಾಸ್ತಿಯೇ. ಇರಲಿ ಬಿಡಿ, ಅವನ ಜಂಭಕ್ಕೆ ಆಧಾರವಿತ್ತು. ರಾಯಬಾಗದಿಂದ ಅಥಣಿಯವರೆಗೆ ಯಾವ ಊರಿಗೆ ಹೋದರೂ ಅವನು ಕೂಡಿಸಿದ ಒಂದಾದರೂ ತಲಬಾಗಿಲು ಸಿಗುತ್ತದೆ. ಆ ಬಾಗಿಲು ಜೋತುಬಿದ್ದು ನೆಲ ಕೆರೆದದ್ದನ್ನು ಮಾತ್ರ ಕಂಡವರಿಲ್ಲ. ಮದುವೆ ಮನೆಗೆ ಹೋದರೂ ಆಸಾಮಿ ಮೊದಲು ವಧುವರರ ಕಡೆ ನೋಡುವುದಿಲ್ಲ. ಬಾಗಿಲನ್ನು ಕಿರುಬೆರಳಿನಿಂದ ದೂಡಿ, ಅದು ಸದ್ದಿಲ್ಲದೆ ಹೋಗಿ ನಿಂತ ಮೇಲೆಯೇ ಅಕ್ಷತೆ ಹಾಕುತ್ತಾನೆ.

ಆ ಕಡೆಯ ಹಳ್ಳಿಗಳಲ್ಲಿ ಬಡಿಗೇರರಿಗೊಂದು ಪದ್ಧತಿ ಉಂಟು. ಬಾಗಿಲು ಕೂಡಿಸಿದ ದಿನ ಮನೆಯ ಹಿರಿಯ ಹೆಂಗಸು ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಬೇಕು. ಬಡಿಗೇರ ಹೊಸ್ತಿಲಿಗೆ ಅಡ್ಡ ಕೂಡಬೇಕು. ಯಜಮಾನ ಬಂದು ಏನು ಬೇಕೆಂದು ಕೇಳಿ, ಬೇಡಿದ್ದನ್ನು ಉಡುಗೊರೆಯಾಗಿ ಆಯೇರಿ ಮಾಡುವತನಕ ಅವನು ಏಳುವಂತಿಲ್ಲ. ಬೇಡುವುದಾದರೂ ಏನು, ಒಂದು ಧೋತರ, ಒಂದು ಪಟಕಾ, ಹೆಂಡತಿಗೆ ಒಂದು ಕುಬಸದ ಖಣ. ಬಾಗಿಲು ಕೆಟ್ಟು, ಬಿಚ್ಚಿ ಮತ್ತೆ ಕೂಡಿಸಿದರೂ ಆಯೇರಿ ತಪ್ಪುವುದಿಲ್ಲ. ಓರಗೆಯ ಬಡಿಗೇರರು ಗಂಗಾರಾಮನನ್ನು ಕಾಡುತ್ತಿದ್ದದ್ದು ಇದೇ ಮಾತಿಗೆ. ನಿನ್ನ ಬಾಗಿಲು ಕೆಡುವುದೂ ಇಲ್ಲ, ನಿನಗೆ ಎರಡನೆಯ ಧೋತರ ಸಿಗುವುದೂ ಇಲ್ಲ ಎಂದು ಅವರು ನಗುವರು. ಇವನು ಮೀಸೆ ತಿರುವಿಕೊಂಡು ಇನ್ನಷ್ಟು ಬೀಗುವನು.

ಇಂಥವನನ್ನು ಅಲಖನೂರಿನ ಬಾಪುಸಾಹೇಬರು ಕರೆಸಿದ್ದು ಬಾಗಿಲಿಗಲ್ಲ, ಒಂದು ಪಂಪಿಗೆ. ಬಾಪುಸಾಹೇಬರು ಕಬ್ಬು ದ್ರಾಕ್ಷಿಯ ದೊಡ್ಡ ಕುಳ. ನಿಪ್ಪಾಣಿಯಲ್ಲಿ ಓದುವ ಮೊಮ್ಮಗಳು ಪ್ರಾಜಕ್ತಾ ಈಜು ಕಲಿತಳೆಂದು ತೋಟದ ಮನೆಯ ಹಿತ್ತಲಲ್ಲಿ ನೀಲಿ ಫರಸಿ ಹಾಸಿದ ಈಜುಕೊಳ ಕಟ್ಟಿಸಿದ್ದರು. ಆ ಹುಡುಗಿ ರಜೆಗೊಮ್ಮೆ ಬಂದು ಈಜುವಳು. ಉಳಿದ ದಿನ ಸಾಹುಕಾರರು ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ನೀರು ನೋಡುವರು. ಅವರಿಗೆ ಈಜು ಬಾರದು. ಯಾವುದೋ ಹೋಟೆಲಿನಲ್ಲಿ ಕಂಡಿದ್ದನ್ನು ಮೆಚ್ಚಿ, ಈಜುವ ಪೋಷಾಕು ಇಲ್ಲದವರು ನೀರಿಗೆ ಇಳಿಯಬಾರದು ಎಂಬ ಬೋರ್ಡನ್ನೂ ಗೋಡೆಗೆ ಬಡಿಸಿದ್ದರು.

ಎಲ್ಲ ಚೆನ್ನಾಗಿತ್ತು, ನೀರು ಸೋಸುವ ಪಂಪೊಂದನ್ನು ಬಿಟ್ಟು. ಅದು ಹಗಲೆಲ್ಲ ಗುಂಯ್‌ಗುಡುತ್ತಿತ್ತು. ಸಾಹುಕಾರರ ತಾಯಿ ಕೆಂಚವ್ವನಿಗೆ ಮಧ್ಯಾಹ್ನದ ನಿದ್ದೆ ಹಾರಿಹೋಗಿ, ಆ ಸಿಟ್ಟು ಮಗನ ಮೇಲೆ ಇಳಿಯತೊಡಗಿತು. ಸದ್ದು ಅಡಗಬೇಕು, ಮಳೆ ಬಿಸಿಲು ತಾಗಬಾರದು, ಹಾಗಂತ ಮೋಟಾರಿಗೆ ಉಸಿರೂ ಕಟ್ಟಬಾರದು. ಅಂಥದೊಂದು ಕಟ್ಟಿಗೆಯ ಮುಚ್ಚಳ ಮಾಡಿಕೊಡು ಎಂದರು ಬಾಪುಸಾಹೇಬರು. ತಲಬಾಗಿಲಿನ ಮನುಷ್ಯನಿಗೆ ಮುಚ್ಚಳದ ಕೆಲಸ! ಗಂಗಾರಾಮ ಒಲ್ಲೆ ಎನ್ನುವವನೇ ಇದ್ದ. ಅಷ್ಟರಲ್ಲಿ ಅವನ ಕಣ್ಣು ಹೆಂಡತಿಯ ಕಡೆ ಹೋಯಿತು.

ಅಕ್ಕುತಾಯಿ ಅಂದು ರಾಯಬಾಗದ ಸಂತೆಗೆಂದು ಅವನ ಗಾಡಿ ಹತ್ತಿ ಬಂದಿದ್ದಳು. ಈಗ ಕೊಳದ ದಂಡೆಯಲ್ಲಿ ಕೂತು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಒಂದು ಕಾಲನ್ನು ನೀರಿಗೆ ಬಿಟ್ಟಿದ್ದಳು. ಮುಖದಲ್ಲಿ ಎಂಥ ಕಳೆ ಬಂದಿತ್ತೆಂದರೆ, ಮದುವೆಯ ಫೋಟೋದಲ್ಲಿಯೂ ಗಂಗಾರಾಮ ಅದನ್ನು ಕಂಡಿರಲಿಲ್ಲ.

ಅವಳ ತವರು ಜುಗೂಳ, ಕಾಗವಾಡದ ಕಡೆ, ಕೃಷ್ಣೆಯ ದಂಡೆ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು, ಅಣ್ಣಂದಿರ ಕೂಡ ಪಂದ್ಯ ಕಟ್ಟಿ ಆಚೆ ದಂಡೆ ಮುಟ್ಟಿ ಬಂದವಳು. ಪಾಲಬಾವಿಗೆ ಸೊಸೆಯಾಗಿ ಬಂದ ಮೇಲೆ ಬಾವಿಗೆ ಇಳಿಯಲು ಅತ್ತೆ ಬಿಡಲಿಲ್ಲ. ತವರಿಗೆ ಹೋದರೆ ಹೊಳೆಯಲ್ಲಿ ಮೊಸಳೆ ಇವೆ ಎಂದು ಅಣ್ಣಂದಿರು ಬಿಡಲಿಲ್ಲ. ಹೀಗೇ ತಲೆ ನರೆಯಿತು. ಆ ದಿನ ಊರಿಗೆ ಮರಳುವಾಗ ಅವಳು ಗಾಡಿಯ ಹಿಂದೆ ಕೂತು ಆ ನೀರಿನ ಬಣ್ಣ, ಆ ನೀರಿನ ತಂಪು, ಆ ನೀರಿನ ಔಷಧಿ ವಾಸನೆ ಎಂದು ಪಾಲಬಾವಿ ಬರುವತನಕ ಮಾತು ನಿಲ್ಲಿಸಲಿಲ್ಲ. ಸಂತೆ ಮಾಡುವುದೇ ಇಬ್ಬರಿಗೂ ಮರೆತುಹೋಗಿತ್ತು.

ಅವಳನ್ನು ಒಮ್ಮೆ ಆ ನೀರಿಗೆ ಇಳಿಸಲೇಬೇಕು ಎಂದು ಗಂಗಾರಾಮ ನಿಶ್ಚಯಿಸಿದ. ನಿಶ್ಚಯಿಸುವುದು ಸುಲಭ, ಕೇಳುವುದು ಯಾರು? ಬಾಗಿಲಿನ ವಿಷಯಕ್ಕೆ ಎತ್ತರದ ದನಿಯಲ್ಲಿ ಮಾತಾಡುವವನಿಗೆ ಈ ಮಾತಿಗೆ ನಾಲಿಗೆಯೇ ಹೊರಳಲಿಲ್ಲ. ಒಂದು ದಿನ ಧೈರ್ಯ ಮಾಡಿ ಸಾಹುಕಾರರ ಮುಂದೆ ನಿಂತವನು ಬಿಜಾಗರಿ ಹಿತ್ತಾಳೆಯದಿರಲೋ ಕಬ್ಬಿಣದ್ದಿರಲೋ ಎಂದು ಕೇಳಿ ಬಂದ. ಇನ್ನೊಂದು ದಿನ ಚಹಾ ಬೇಡಿ ಕುಡಿದು ಬಂದ. ಅಳದ ಕೂಸಿಗೆ ಹಾಲಿಲ್ಲ ಎಂಬುದು ಅವನಿಗೂ ಗೊತ್ತು. ಆದರೆ ಬೋರ್ಡು ಬಡಿಸಿದ ಮನುಷ್ಯನ ಮುಂದೆ, ನನ್ನ ಹೆಂಡತಿ ನಿಮ್ಮ ಕೊಳದಲ್ಲಿ ಬೀಳುತ್ತಾಳೆ ಎಂದು ಹೇಗೆ ಹೇಳುವುದು? ಅಕ್ಕುತಾಯಿಯಂತೂ ಮಂದಿ ನಗುತ್ತಾರೆಂದು ಅವನ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ಹಲಗೆ ನುಣುಪಾಗಲೆಂದು ರಂದಾ ಹೊಡೆಯುತ್ತಿದ್ದಾಗ ಅವನಿಗೆ ಹೊಳೆಯಿತು. ಮುಚ್ಚಳಕ್ಕೆ ಆಯೇರಿ ಇಲ್ಲ, ಸರಿ. ಬಾಗಿಲಿಗೆ ಉಂಟಲ್ಲ! ಅಂದಿನಿಂದ ಅವನ ಕಾಲು ನೆಲಕ್ಕೆ ಹತ್ತಲಿಲ್ಲ. ಸೊಂಟದೆತ್ತರದ ಪಂಪಿನ ಗೂಡಿಗೆ ಸಾಗವಾನಿಯ ಚೌಕಟ್ಟು ನಿಂತಿತು. ಗಾಳಿಯಾಡಲು ಪಕ್ಕಕ್ಕೆ ಓರೆ ಪಟ್ಟಿಗಳು, ಮಳೆ ಜಾರಲು ಇಳಿಜಾರು ಮಾಡು, ಸದ್ದು ಹೀರಲು ಒಳಗೆ ತೆಂಗಿನ ನಾರಿನ ಹಾಸು. ಮೇಲೆ ಮಾವಿನೆಲೆಯ ತೋರಣ ಕೆತ್ತಿದ. ಕೆಳಗೆ, ಗೇಣುದ್ದದ್ದಾದರೂ ಸರಿ, ಲಕ್ಷಣವಾದ ಹೊಸ್ತಿಲು ಕೂಡಿಸಿದ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದು ಅಕ್ಕುತಾಯಿ ನಕ್ಕಳು. ಯಾಕೆಂದು ಅವನು ಬಾಯಿ ಬಿಡಲಿಲ್ಲ. ಒಬ್ಬನೇ ನಕ್ಕು ನಕ್ಕು ಎರಡು ಸಲ ಉಳಿ ಜಾರಿಸಿಕೊಂಡ.

ಗೂಡು ಕೂಡಿಸುವ ದಿನ ಬೇಕಂತಲೇ ಹೆಂಡತಿಯನ್ನೂ ಕರೆದುಕೊಂಡು ಹೋದ. ಪಂಪು ನಿಲ್ಲಿಸಿ, ಗೂಡು ಕೂಡಿಸಿ, ಬಾಗಿಲು ಹಾಕಿದ. ಬಾಪುಸಾಹೇಬರು ಅದನ್ನು ನೋಡಿ, ಪಂಪಿನ ಗೃಹಪ್ರವೇಶಕ್ಕೆ ಯಾರಿಗೆಲ್ಲ ಊಟ ಹೇಳಲಿ ಎಂದು ಚೇಷ್ಟೆ ಮಾಡಿದರು. ಕೆಂಚವ್ವ ಚೇಷ್ಟೆ ಮಾಡಲಿಲ್ಲ. ಹೊಸ್ತಿಲು ಕಂಡದ್ದೇ ತಡ, ಒಳಗಿನಿಂದ ಅರಿಷಿಣ ಕುಂಕುಮದ ಬಟ್ಟಲು ತಂದು, ಗೋಡೆ ಹಿಡಿದು ಕುಕ್ಕರಗಾಲಿನಲ್ಲಿ ಕೂತು ಹಚ್ಚಿಯೇ ಬಿಟ್ಟಳು. ಅವಳು ಏಳುವುದರೊಳಗೆ ಗಂಗಾರಾಮ ಗೂಡಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ.

"ಬಾಪೂ, ಬಡಿಗ್ಯಾರಂವ ಹೊಸ್ತಿಲಕ್ಕ ಕುಂತಾನ. ಏನ ಬೇಕ ಕೇಳ" ಎಂದಳು ಕೆಂಚವ್ವ.

ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕು, ಧೋತರ ತರಲು ಆಳಿಗೆ ಹೇಳಿದರು. ಗಂಗಾರಾಮ ಧೋತರ ಒಲ್ಲೆ ಎಂದ. ಪಟಕಾ ಒಲ್ಲೆ, ಖಣವೂ ಒಲ್ಲೆ. ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಅಂದುಬಿಟ್ಟ.

"ನಮ್ಮಾಕಿ ಒಮ್ಮಿ ಈ ನೀರಾಗ ಈಸಬೇಕ್ರಿ, ಸಾವಕಾರ್ರ."

ಅಕ್ಕುತಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಅಂಟಿದಳು. ಬಾಪುಸಾಹೇಬರು ಬೋರ್ಡಿನ ಕಡೆ ನೋಡಿದರು, ಹೊಸ್ತಿಲಿನ ಕಡೆ ನೋಡಿದರು. ಪೋಷಾಕು ಬೇಕಾಗುತ್ತದೆ ಎಂದೇನೋ ಗೊಣಗಿದರು. ಕೆಂಚವ್ವ ಮಗನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಕ್ಕುತಾಯಿಯತ್ತ ತಿರುಗಿ ತವರು ಯಾವುದೆಂದು ಕೇಳಿದಳು. ಜುಗೂಳ ಎಂಬ ಉತ್ತರ ಬಂದದ್ದೇ ಮುದುಕಿಯ ಕಣ್ಣು ಅರಳಿದವು.

"ಹೊಳಿ ದಂಡಿಯಾಕೀನ ಬೋರ್ಡ ಓದಸ್ತೀಯೇನೋ ಬಾಪೂ? ಹೊಸ್ತಿಲಾ ಪೂಜಿ ಮಾಡೀನಿ ನಾ. ಇಲ್ಲ ಅನಬ್ಯಾಡ. ಕಚ್ಚಿ ಹಾಕ ಯವ್ವಾ, ಇಳಿ."

ಆಳುಗಳನ್ನು ತೋಟಕ್ಕೆ ಅಟ್ಟಲಾಯಿತು. ಅಕ್ಕುತಾಯಿ ಕಬ್ಬು ಕಡಿಯುವ ಹೆಂಗಸರ ಹಾಗೆ ಸೀರೆಯನ್ನು ಕಚ್ಚೆ ಹಾಕಿ ಬಿಗಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ದಂಡೆಯಲ್ಲಿ ಒಂದು ಗಳಿಗೆ ನಿಂತಳು. ಇವಳಿಗೆ ಮರೆತುಹೋಗಿದ್ದರೆ ಏನು ಗತಿ ಎಂದು ಗಂಗಾರಾಮನ ಜೀವ ಬಾಯಿಗೆ ಬಂತು. ಅವಳು ಮೂಗು ಹಿಡಿದು ಹಾರಿದಳು. ಸಾಹುಕಾರರ ಕುರ್ಚಿ, ಧೋತರ, ಗೋಡೆಯ ಬೋರ್ಡು ಎಲ್ಲ ತೊಯ್ದವು.

ಮರೆಯುವುದೆಲ್ಲಿ ಬಂತು! ಹೊಳೆಯಲ್ಲಿ ಸೆಳವಿಗೆ ಎದುರು ಕೈ ಹೊಡೆದವಳಿಗೆ ಈ ಕೊಳ ಯಾವ ಲೆಕ್ಕ. ಎರಡು ಸಲ ಕೈ ಬೀಸುವುದರೊಳಗೆ ಆಚೆ ಗೋಡೆ, ಹೊರಳಿದರೆ ಈಚೆ ಗೋಡೆ. ಅಂಗಾತ ತೇಲಿದಳು, ಮುಳುಗಿ ತಳ ಮುಟ್ಟಿ ಬಂದಳು, ಬಾಯಿಂದ ನೀರು ಚಿಮ್ಮಿಸಿದಳು. ಅವಳ ನಗು ದ್ರಾಕ್ಷಿ ತೋಟದ ಆಚೆಗೂ ಕೇಳಿಸಿರಬೇಕು. ಕೆಂಚವ್ವ ಎರಡೂ ಕಾಲು ನೀರಿಗೆ ಬಿಟ್ಟುಕೊಂಡು, ಕಾಸು ಖರ್ಚು ಮಾಡಿದ್ದು ಇವತ್ತು ಸಾರ್ಥಕವಾಯಿತೆಂದು ಸಾರಿದಳು. ಬಾಪುಸಾಹೇಬರು ತೊಯ್ದ ಕುರ್ಚಿಯ ತುದಿಗೆ ಜರುಗಿ ಕೂತು, ಕೈ ಹೇಗೆ ಬೀಸುವುದು, ಉಸಿರು ಯಾವಾಗ ಬಿಡುವುದು ಎಂದು ಅವಳನ್ನೇ ಕೇಳತೊಡಗಿದರು.

ಗಂಗಾರಾಮನಿಗೆ ಸಂತೋಷ ಹೊಟ್ಟೆಯಲ್ಲಿ ಹಿಡಿಸಲಾರದಷ್ಟಾಗಿತ್ತು. ಅದರ ನಡುವೆಯೇ ಒಂದು ಮಾತು ಚುಚ್ಚಿತು. ತಾನು ಬೇಡಿದ್ದು ಒಮ್ಮೆ. ಈ ನಗು ಹೊತ್ತು ಮುಳುಗುವುದರೊಳಗೆ ದಂಡೆ ಹತ್ತುತ್ತದೆ, ಸೀರೆ ಹಿಂಡಿಕೊಂಡು ಗಾಡಿ ಏರುತ್ತದೆ, ಆಮೇಲೆ ಮುಗಿಯಿತು. ಅವನು ಗೂಡಿನ ಬಾಗಿಲನ್ನು ಕಿರುಬೆರಳಿನಿಂದ ದೂಡಿದ. ಸದ್ದಿಲ್ಲದೆ ಹೋಗಿ ನಿಂತಿತು, ಅವನು ಕೂಡಿಸಿದ ಎಲ್ಲ ಬಾಗಿಲುಗಳ ಹಾಗೆ. ಬಾಗಿಲನ್ನು ಚೌಕಟ್ಟಿಗೆ ಹಿಡಿದ ಮೇಲಿನ ಬಿಜಾಗರಿಯನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಎಲ್ಲರಿಗೂ ಬೆನ್ನು ಮಾಡಿ, ಕಿಸೆಯಿಂದ ತಿರುಪುಳಿ ತೆಗೆದು, ಅದರ ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸಿದ. ಬಾಗಿಲು ಕೂದಲೆಳೆಯಷ್ಟು ಜೋತುಬಿತ್ತು.

ತಿರುಗಿ ನೋಡಿದರೆ ಕೆಂಚವ್ವ ಅವನನ್ನೇ ನೋಡುತ್ತಿದ್ದಳು. ಅವನು ತಿರುಪುಳಿಯನ್ನು ಧೋತರದ ಮರೆಗೆ ಸರಿಸಿದ.

"ನಿನ್ನ ಬಾಗಲಾ ಕೆಡೂದ ಇಲ್ಲ ಅಂತಿದ್ರಲ್ಲೋ ತಮ್ಮಾ ಮಂದಿ" ಎಂದಳು ಮುದುಕಿ, ಮೆಲ್ಲಗೆ.

"ಇದೊಂದ ಕೆಡತೈತ್ರಿ ಆಯಿ. ಮುಂದಿನ ತಿಂಗಳ ಬಂದ ಕೂಡಸ್ತೀನ್ರಿ."

ಕೆಂಚವ್ವ ನೀರಲ್ಲಿ ಕಾಲು ಆಡಿಸುತ್ತ ಅಕ್ಕುತಾಯಿಯ ಕಡೆ ತಿರುಗಿದಳು. "ಆಕೀನೂ ಕರ್ಕೊಂಡ ಬಾ. ಅರಿಷಿಣ ಕಲಸಿ ಇಟ್ಟಿರ್ತೀನಿ."