ಸರೋಜಳ ಪಕ್ಕದ ಸೀಟು

ನಿನ್ನೆ ಸಂಜೆ ಹುಣಸೂರಿನ ಪೆಟ್ರೋಲ್ ಬಂಕಿನಲ್ಲಿ ಕ್ಯಾನು ಹಿಡಿದು ನಿಂತಿದ್ದೆ. ಪಂಪಿನವನು ಜನರೇಟರಿಗೋ, ಕಳೆ ಕೊಚ್ಚುವ ಮಿಷನ್ನಿಗೋ ಎಂದು ಕೇಳಿದ. ವಿಮಾನಕ್ಕೆ ಎಂದೆ. ಅವನು ನಗಲಿಲ್ಲ, ಗಣಿತದ ಮೇಷ್ಟ್ರಿಗೆ ತಮಾಷೆ ಮಾಡಲು ಬರುವುದಿಲ್ಲ ಎಂಬುದು ಊರಿಗೇ ಗೊತ್ತು. ಸುಮ್ಮನೆ ಪೈಪು ಇಳಿಬಿಟ್ಟ. ಪೆಟ್ರೋಲಿನ ವಾಸನೆ ಮೂಗಿಗೆ ತಾಕಿದ್ದೇ ತಡ, ಮೂರು ವರ್ಷದ ಹಿಂದಿನದೆಲ್ಲ ಮೆರವಣಿಗೆ ಹೊರಟಿತು. ಪುರುಸೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ನನ್ನ ಹೆಂಡತಿ ಸರೋಜ ಹುಣಸೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ತಾಲ್ಲೂಕಿನ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಸಿದವಳು ಒಬ್ಬನ ವಿಷಯದಲ್ಲಿ ಮಾತ್ರ ಸೋತಳು. ಅವನೇ ನಾನು. ಗೇರು ಬದಲಿಸಲು ಕೆಳಗೆ ನೋಡುತ್ತಿದ್ದೆ, ತಲೆ ಎತ್ತುವಷ್ಟರಲ್ಲಿ ಎದುರಿಗೆ ಎಮ್ಮೆ ಇರುತ್ತಿತ್ತು. ಅದು ಬೇರೆ ಬೇರೆ ಎಮ್ಮೆಯೋ ಒಂದೇ ಎಮ್ಮೆಯೋ ನನಗೆ ಇವತ್ತಿಗೂ ಅನುಮಾನ. ಹಾಗಾಗಿ ಪಿರಿಯಾಪಟ್ಟಣದ ಶಾಲೆಗೆ ಬಸ್ಸಿನಲ್ಲಿ ಹೋಗುತ್ತೇನೆ. ಉಳಿದೆಲ್ಲ ಕಡೆಗೆ ಸರೋಜಳ ಪಕ್ಕದಲ್ಲಿ ಕೂರುತ್ತೇನೆ. ಕೂತವನು ಸುಮ್ಮನಿರುವುದಿಲ್ಲ. ಎದುರಿಗೆ ಏನು ಬಂದರೂ ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತೇನೆ. ಮೈಸೂರು ಮುಟ್ಟುವ ಹೊತ್ತಿಗೆ ಅವಳು ಆರಾಮಾಗಿ ಇಳಿಯುತ್ತಾಳೆ, ನಾನು ಕಾಲು ನೀವಿಕೊಳ್ಳುತ್ತಾ ಇಳಿಯುತ್ತೇನೆ.

ಅವಳಿಗೆ ನಲವತ್ತಾರು ತುಂಬಿದ ವರ್ಷ ಇಮ್ರಾನ್ ಕಾರು ಕಲಿಯಲು ಬಂದ. ಊರಿನ ಸಾಮಿಲ್ಲಿನವರ ಮನೆಯ ಹುಡುಗ. ಬಹಳ ಕಾಲ ಹೊರಗಿದ್ದು, ಮೈಸೂರಿನಲ್ಲಿ ಸಣ್ಣ ವಿಮಾನ ಹಾರಿಸುವುದನ್ನು ಕಲಿಸುವ ಕೆಲಸಕ್ಕೆ ಸೇರಿದ್ದ. ಆಕಾಶದಲ್ಲಿ ಅವನಿಗೆ ಹೆದರಿಕೆ ಇರಲಿಲ್ಲ, ಹುಣಸೂರು ಬಸ್‌ಸ್ಟ್ಯಾಂಡಿನ ಮುಂದೆ ಮಾತ್ರ ಬೆವರುತ್ತಿದ್ದ. ಮೇಲೆ ಆಟೋಗಳಿಲ್ಲ ಎಂದು ಅವನ ಸಮಜಾಯಿಷಿ. ಲೈಸೆನ್ಸ್ ಕೈಗೆ ಬಂದ ದಿನ ಮಿಠಾಯಿ ತಂದುಕೊಟ್ಟು, 'ನೀವೂ ಬನ್ನಿ ಅಕ್ಕಾ, ನಾನು ಕಲಿಸ್ತೀನಿ' ಎಂದ. ಉಪಚಾರದ ಮಾತು ಎಂದುಕೊಂಡೆ. ಮುಂದಿನ ಭಾನುವಾರ ಸರೋಜ ಸೀರೆ ಬಿಟ್ಟು ಚೂಡಿದಾರ್ ತೊಟ್ಟು ಹೊರಟು ನಿಂತಿದ್ದಳು.

ಮೇಲೇರುವುದು ಅವಳಿಗೆ ನೀರು ಕುಡಿದಷ್ಟು ಸುಲಭವಾಯಿತು. ಇಳಿಯುವುದು ಬರಲಿಲ್ಲ. ನೆಲ ಹತ್ತಿರವಾದಂತೆ ಗಾಬರಿಯಿಂದ ವಿಮಾನದ ಮೂತಿ ಎತ್ತಿಬಿಡುತ್ತಿದ್ದಳು, ಅದು ರನ್‌ವೇ ಮೇಲೆ ಕುಪ್ಪಳಿಸುತ್ತಿತ್ತು. ನೆಲ ನೋಡಬೇಡಿ, ದೂರ ನೋಡಿ ಎಂದು ಇಮ್ರಾನ್ ಹೇಳಿದ್ದನ್ನೇ ಹೇಳುತ್ತಿದ್ದ. ಬಾನೆಟ್ ನೋಡಬೇಡಿ, ರಸ್ತೆ ನೋಡಿ ಎಂದು ಇವಳು ಇಪ್ಪತ್ತು ವರ್ಷದಿಂದ ಊರವರಿಗೆ ಹೇಳಿದ್ದೂ ಅದನ್ನೇ ಅಲ್ಲವೇ? ಒಂದು ಭಾನುವಾರ ಮನೆಗೆ ಬಂದವಳು ಊಟಕ್ಕೆ ಏಳಲಿಲ್ಲ.

'ನನ್ನ ಹತ್ರ ಬತ್ತಿದ್ದೋರ್ಗೂ ಇಂಗೇ ಆಗ್ತಿತ್ತು ಅನ್ಸುತ್ತೆ ಕಣ್ರೀ,' ಎಂದಳು. 'ನಾನು ಸುಮ್ನೆ ಕಿರುಚ್ತಿದ್ದೆ.'

ಬಿಟ್ಟುಬಿಡುತ್ತಾಳೆ ಎಂದುಕೊಂಡೆ, ನಿಜ ಹೇಳಬೇಕೆಂದರೆ, ಬಿಡಲಿ ಎಂದೂ ಅಂದುಕೊಂಡೆ. ಬಿಡಲಿಲ್ಲ. ಅವಳ ಡ್ರೈವಿಂಗ್ ಸ್ಕೂಲಿನಲ್ಲಿ ಮಾತ್ರ ದನಿ ತಗ್ಗಿತು. ಮೇಡಂಗೆ ಮೈಗೆ ಹುಷಾರಿಲ್ಲವೇ ಎಂದು ಇಬ್ಬರು ನನ್ನನ್ನು ಬಸ್ಸಿನಲ್ಲಿ ವಿಚಾರಿಸಿದರು. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಇಮ್ರಾನ್ ವಿಮಾನದಿಂದ ತಾನೊಬ್ಬನೇ ಇಳಿದು ಬಂದು, ರನ್‌ವೇ ಬದಿಯಲ್ಲಿ ನೋಡುತ್ತಿದ್ದ ನನ್ನ ಪಕ್ಕ ನಿಂತ. ಅವಳನ್ನು ಒಬ್ಬಳನ್ನೇ ಕಳಿಸಿದ್ದ. ಅವಳು ಒಂದು ಸುತ್ತು ಬಂದು, ಎಲೆ ಮೇಲೆ ಅನ್ನ ಬಡಿಸುವ ಹಾಗೆ ವಿಮಾನವನ್ನು ಮೆತ್ತಗೆ ಇಳಿಸಿದಳು. ಇಳಿದು ಬಂದು ಕೇಳಿದ್ದು, ಕಾಫಿ ಸಿಗುತ್ತಾ ಎಂದು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಡ್ರೈವಿಂಗ್ ಕಲಿತವರು ಕಾರಿನ ಶೋರೂಮಿನ ಮುಂದೆ ನಿಧಾನಿಸುತ್ತಾರೆ, ಇದು ಅವಳೇ ಕಂಡುಕೊಂಡ ಸತ್ಯ. ಮನೆ ಕಟ್ಟಬೇಕೆಂದು ಇಟ್ಟುಕೊಂಡಿದ್ದ ಸೈಟನ್ನು ಮಾರಿ ವಿಮಾನ ಕೊಳ್ಳೋಣ ಎಂದಳು. ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದಿಂದ ಬಂದಿದ್ದ ನನ್ನ ತಾಯಿ ಸೊಸೆಗೆ ಬುದ್ಧಿ ಹೇಳುತ್ತಾಳೆಂದು ಕಾದೆ. ಅಮ್ಮ ನನ್ನ ಕಡೆ ತಿರುಗಿ, 'ಅವ್ಳು ಓಡಿಸ್ತಾಳೆ ಬುಡು. ನೀನು ಬಸ್ಸಲ್ಲೇ ವಾಂತಿ ಮಾಡ್ಕೊಳ್ಳೋನು, ಅದ್ರೊಳಗೆ ಎಂಗೋಯ್ತೀಯ?' ಎಂದಳು.

ಆ ಮಾತು ನನ್ನ ಮನಸ್ಸಿನಲ್ಲಿ ಕೂತಿತು. ಇಮ್ರಾನ್ ಎರಡು ವಿಮಾನ ತೋರಿಸಿದ. ಒಂದು ಹೊಸದರಂತೆ ಹೊಳೆಯುವ ಬಿಳಿಯದು, ಒಂದೇ ಸೀಟು. ಇನ್ನೊಂದು ಮಾಸಿದ ಹಳದಿಯದು, ರೆಕ್ಕೆಗೆ ಬಟ್ಟೆ ಹೊದಿಸಿದ್ದು, ಎರಡು ಸೀಟು. ಹಳದಿಯ ಯಜಮಾನರು ಮೈಸೂರಿನ ಒಬ್ಬ ಹಿರಿಯರು. ಮಂಡಿ ನೋವಿನಿಂದ ಹತ್ತಲಾಗದೆ ಮಾರುತ್ತಿದ್ದರು. ಎರಡಕ್ಕೂ ಮಾಮೂಲಿ ಪೆಟ್ರೋಲೇ ಸಾಕು. ನಾನು ಬಿಳಿಯದರ ಪರವಾಗಿ ವಕೀಲಿಕೆ ಮಾಡಿದೆ: ಹಗುರ, ಗಟ್ಟಿಮುಟ್ಟು, ರಿಪೇರಿ ಕಡಿಮೆ. ಇನ್ನೊಂದು ಸೀಟು ಇಟ್ಟುಕೊಂಡು ಏನು ಮಾಡುವುದು, ನಾನು ಕೆಳಗೆ ನಿಂತು ಕೈ ಬೀಸುತ್ತೇನೆ ಎಂದೆ.

ಸರೋಜ ಹಳದಿ ರೆಕ್ಕೆಯ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು: 'ಮೇಲೆ ನೋಡಿದ್ದನ್ನ ಕೆಳಗೆ ಬಂದು ಹೇಳೋಷ್ಟರಲ್ಲಿ ಅರ್ಧ ಮರ್ತೋಗಿರುತ್ತೆ ಕಣ್ರೀ. ಅಲ್ಲೇ ಹೇಳ್ಬೇಕು ಅನ್ಸುತ್ತೆ. ಪಕ್ಕದಲ್ಲಿ ನೋಡಿದ್ರೆ ಯಾರೂ ಇರಲ್ಲ.'

ನನ್ನ ವಕೀಲಿಕೆ ಅಲ್ಲಿಗೆ ನಿಂತಿತು. ಹಳದಿಯದನ್ನೇ ಕೊಂಡೆವು.

ಕೊಂಡ ಮೇಲೂ ನಾನು ಎರಡು ತಿಂಗಳು ತಪ್ಪಿಸಿಕೊಂಡೆ. ಪರೀಕ್ಷೆ ಪೇಪರು, ಶೀತ, ಅಮಾವಾಸ್ಯೆ. ಅವಳು ಒತ್ತಾಯಿಸಲಿಲ್ಲ. ಪ್ರತಿ ಶನಿವಾರ ಒಂದು ಸಲ ಕೇಳುವಳು, ಇಲ್ಲವೆಂದರೆ ತಲೆಯಾಡಿಸುವಳು. ಆ ತಲೆಯಾಡಿಸುವಿಕೆ ತಡೆಯಲಾರದೆ ಒಂದು ದಿನ ಹತ್ತಿ ಕೂತೆ. ನೆಲ ಬಿಟ್ಟ ಕೂಡಲೇ ಕಣ್ಣು ಮುಚ್ಚಿದೆ, ಬಲಗಾಲು ತನ್ನ ಬುದ್ಧಿ ತೋರಿಸಿತು. ನನ್ನ ದುರದೃಷ್ಟಕ್ಕೆ ಅಲ್ಲಿ ನಿಜವಾಗಿಯೂ ಒಂದು ಪೆಡಲ್ ಇತ್ತು. ಒತ್ತಿದೊಡನೆ ವಿಮಾನದ ಮೂತಿ ಬಲಕ್ಕೆ ಹೊರಳಿತು.

ಹೆಡ್‌ಫೋನಿನಲ್ಲಿ ಸರೋಜಳ ದನಿ ಬಂತು. 'ಕಾಲು ಹಿಂದಕ್ಕೆ ತಗೊಳ್ಳಿ. ನಾನಿದ್ದೀನಿ.'

ತಗ್ಗಿದ ದನಿ. ಮೂತಿ ನೆಟ್ಟಗಾಯಿತು, ನಾನು ಕಣ್ಣು ತೆರೆದೆ. ಕೆಳಗೆ ಹುಣಸೂರಿನ ಕಡೆಯ ಹೊಲಗಳು, ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು, ಲಕ್ಷ್ಮಣತೀರ್ಥದ ಬಳುಕು. ದೂರದಲ್ಲಿ ಎಚ್.ಡಿ. ಕೋಟೆಯ ದಿಕ್ಕಿಗೆ ಬೀಚನಹಳ್ಳಿಯ ಕಬಿನಿ ನೀರು ತಟ್ಟೆಯಂತೆ ಮಿನುಗುತ್ತಿತ್ತು. ಅವಳು ಹೇಳುತ್ತಾಳೆಂದು ಕಾದೆ. ಅವಳು ಮಾತೇ ಆಡಲಿಲ್ಲ. ಇಂಜಿನ್ನಿಗೆ ಕಿವಿಗೊಟ್ಟು, ದೂರ ನೋಡುತ್ತಾ ಕೂತಿದ್ದಳು. ಮನೆಯಲ್ಲಿ ಸದಾ ಏನಾದರೊಂದು ಹೇಳುತ್ತಿರುವವಳ ಆ ಮೌನದ ಮುಖವನ್ನು ನಾನು ಅದುವರೆಗೆ ನೋಡಿರಲೇ ಇಲ್ಲ. ಆ ಮೌನವನ್ನು ತುಂಬಲೆಂದೋ ಏನೋ, ನಾನೇ ಶುರುಮಾಡಿದೆ. ಅಗೋ ಹೊಳೆ, ಇಗೋ ರಸ್ತೆ, ಅದು ಕಟ್ಟೆಮಳಲವಾಡಿಯ ಕಟ್ಟೆಯಲ್ಲವೇ ಎಂದು ಇಳಿಯುವವರೆಗೂ ಬಾಯಿ ಮುಚ್ಚಲಿಲ್ಲ.

ಈಗ ಶನಿವಾರ ಅವಳು ಕೇಳುವವರೆಗೆ ನಾನು ಕಾಯುವುದಿಲ್ಲ. ನಿನ್ನೆ ಬಂಕಿನಿಂದ ಮನೆಗೆ ಬಂದವನೇ, ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡುವುದು ಎಂದು ಕೇಳಿದೆ. ಸರೋಜ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು:

'ಬಾಯಿ ಮುಚ್ಕೊಂಡು ಕೂರ್ತೀನಿ ಅನ್ನೋದಾದ್ರೆ, ಆರಕ್ಕೆ.'

ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಎದುರಿಗೆ ಕೂತೆ. ಸುಲಿಯುತ್ತಾ ಸುಲಿಯುತ್ತಾ, ಆ ಷರತ್ತಿಗೆ ಒಪ್ಪುವುದು ಸಾಧ್ಯವೇ ಇಲ್ಲ ಎಂದು ವಿವರವಾಗಿ ತಿಳಿಸಿದೆ.