ಹೊಗೆ ಕೆಳಗಿಳಿದ ಮಧ್ಯಾಹ್ನ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಮೈದುನ ಬಾಯ್ತುಂಬ ‘ಅತ್ತಿಗೆ’ ಎನ್ನುವುದನ್ನು ಕೇಳಿ ಕೇಳಿ ಹಾಲಿನವನಿಗೂ ಅವಳು ಅತ್ತಿಗೆಯಾದಳು, ಎದುರು ಅಂಗಡಿಯ ಮುದುಕನಿಗೂ ಅತ್ತಿಗೆಯಾದಳು. ಆ ಮುದುಕ ಹಾಗೆ ಕರೆದಾಗಲೆಲ್ಲ, “ಹಾಗಾದ್ರೆ ನನ್ ಗಂಡ ನಿಮಗೆ ಅಣ್ಣ. ಬದುಕಿದ್ದಿದ್ರೆ ಎಷ್ಟು ವಯಸ್ಸಾಗಿರ್ತಿತ್ತೋ ಲೆಕ್ಕ ಹಾಕಿ!” ಎಂದು ನಗುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಅತ್ತಿಗೆ ಹಿಡಿದದ್ದು ಲಾಂಡ್ರಿ ಕೆಲಸ. ಹೋಟೆಲುಗಳ ಹಾಸು, ಹೊದಿಕೆ, ಟವೆಲ್ಲು. ಮೊದಮೊದಲು ಕೈಯಲ್ಲೇ ಒಗೆದಳು. ಆಮೇಲೆ ಮಷೀನು ಬಂತು, ಬಿಸಿನೀರಿಗೆ ಗ್ಯಾಸ್ ಬಾಯ್ಲರ್ ಬಂತು. ಮುಂದಿನ ದೊಡ್ಡ ಹಾಲ್‌ನಲ್ಲಿ ಒಗೆತ, ಹಿಂದಿನ ಕೋಣೆಯಲ್ಲಿ ಇಸ್ತ್ರಿ. ಆ ಹಿಂದಿನ ಕೋಣೆಯ ಮೂಲೆಯಲ್ಲೇ ಬಾಯ್ಲರ್ ನಿಂತಿತ್ತು. ಅದರ ನೆತ್ತಿಯಿಂದ ದಪ್ಪ ತಗಡಿನ ಕೊಳವೆಯೊಂದು ಸೂರು ದಾಟಿ ಹೊಗೆಯನ್ನು ಹೊರಗೆ ಬಿಡುತ್ತಿತ್ತು. ಬಾಯ್ಲರಿನ ಪಕ್ಕದ ಗೋಡೆಯಲ್ಲಿ, ನೆಲಕ್ಕೆ ಹತ್ತಿರ, ಜಾಲರಿ ಹಾಕಿದ ಒಂದು ಗಾಳಿಕಿಂಡಿ.

ಚಳಿಗಾಲ ಬಂದಾಗ ಆ ಕಿಂಡಿಯ ಮೇಲೆ ಅತ್ತಿಗೆಗೆ ಸಿಟ್ಟು ಬಂತು. ಇಸ್ತ್ರಿ ಮೇಜಿನ ಬಳಿ ನಿಂತರೆ ತಣ್ಣನೆಯ ಗಾಳಿ ನೇರ ಕಾಲಿಗೇ ಬಡಿಯುತ್ತಿತ್ತು. ಹರಿದ ಟವೆಲ್ಲುಗಳನ್ನು ಸುತ್ತಿ ಅದರ ಬಾಯಿಗೆ ತುರುಕಿದಳು. ಕೋಣೆ ಬೆಚ್ಚಗಾಯಿತು. ಆದರೆ ಇಸ್ತ್ರಿಯ ಹಬೆ ಹೋಗಲು ದಾರಿಯಿಲ್ಲದೆ ಕಿಟಕಿ ಗಾಜೆಲ್ಲ ಬೆವರತೊಡಗಿತು. ಅದಕ್ಕೆ ಮೈದುನ ಎಲ್ಲಿಂದಲೋ ದೊಡ್ಡದೊಂದು ಫ್ಯಾನು ತಂದು, ಹಬೆಯನ್ನು ಹೊರಗೆ ದೂಡುವ ಹಾಗೆ ಗೋಡೆಯ ಮೇಲ್ಭಾಗಕ್ಕೆ ಕೂರಿಸಿದ. “ನೋಡಿ ಅತ್ತಿಗೆ, ಈಗ ಕೋಣೆ ಹೆಂಗೆ ಉಸಿರಾಡತ್ತೆ!” ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಆಮೇಲೆ ಶುರುವಾದದ್ದು ತಲೆನೋವು. ಬೆಳಿಗ್ಗೆ ಚೆನ್ನಾಗಿಯೇ ಬರುತ್ತಿದ್ದ ಕೆಲಸದವರು ಮಧ್ಯಾಹ್ನದ ಹೊತ್ತಿಗೆ ಹಣೆ ಒತ್ತಿಕೊಳ್ಳುತ್ತಿದ್ದರು. ಮನೆಗೆ ಹೋದರೆ ಮಾಯ. “ಕೆಲಸ ಕಂಡ್ರೆ ಬರೋ ತಲೆನೋವು, ನಂಗೂ ಗೊತ್ತು,” ಎಂದು ಅತ್ತಿಗೆ ಗದರುತ್ತಿದ್ದಳು. ತನಗೂ ಬಂದಾಗ ಮಾತ್ರ ಯಾರಿಗೂ ಹೇಳದೆ ಮಾತ್ರೆ ನುಂಗುತ್ತಿದ್ದಳು. ಇನ್ನೊಂದು ವಿಚಿತ್ರವೂ ಇತ್ತು. ಮುಂದಿನ ಹಾಲ್‌ನಿಂದ ಇಸ್ತ್ರಿ ಕೋಣೆಯ ಬಾಗಿಲನ್ನು ಎಳೆದರೆ, ಒಳಗಿಂದ ಯಾರೋ ಹಿಡಿದುಕೊಂಡಂತೆ ಬಿಗಿಯಾಗಿರುತ್ತಿತ್ತು. ಮರ ಉಬ್ಬಿದೆ ಎಂದು ಎಲ್ಲರೂ ಸುಮ್ಮನಾದರು.

ಆ ದಿನ ಒಗೆಯುವ ಹೆಂಗಸರು ಊಟಕ್ಕೆ ಹೋಗಿದ್ದರು. ಇಸ್ತ್ರಿ ಕೋಣೆಯಲ್ಲಿ ಉಳಿದವರು ಅತ್ತಿಗೆ, ಅವಳ ಅಣ್ಣನ ಮಗಳು, ಮತ್ತು ಇಸ್ತ್ರಿ ಮಾಡುವ ಗರಿಗರಿಯಣ್ಣ. ಅವನ ಕೈಯಿಂದ ಬಂದ ಬಟ್ಟೆ ಇಟ್ಟಲ್ಲೇ ಸೆಟೆದು ನಿಲ್ಲುತ್ತಿತ್ತು, ಅದಕ್ಕೇ ಆ ಹೆಸರು. ಕಿವಿ ಮಾತ್ರ ಮಂದ.

ಹುಡುಗಿ ಹೊದಿಕೆ ಮಡಿಸುತ್ತಿದ್ದವಳು ನಿಂತುಬಿಟ್ಟಳು. “ಅತ್ತೆ, ನಿಮ್ಮ ಮುಖ ಎರಡೆರಡಾಗಿ ಕಾಣ್ತಿದೆ.”

“ಒಂದನ್ನ ಸಹಿಸೋದೇ ಕಷ್ಟ ಅಂತಿದ್ದೆ, ಇನ್ನೊಂದು ಯಾಕೇ?” ಎಂದು ಅತ್ತಿಗೆ ತಿರುಗುವಷ್ಟರಲ್ಲಿ ಹುಡುಗಿ ಬಟ್ಟೆಯ ರಾಶಿಯ ಮೇಲೆ ಕುಸಿದಿದ್ದಳು. ತುಟಿ ಅಲುಗುತ್ತಿತ್ತು, ಮಾತಿಲ್ಲ.

ಅತ್ತಿಗೆಯ ಕೂಗು ಕೇಳಿ ಮೈದುನ ಓಡಿಬಂದ. ಹುಡುಗಿಯನ್ನು ಎತ್ತಿಕೊಂಡು ಹೋಗಿ ಲಾಂಡ್ರಿಯ ವ್ಯಾನಿನಲ್ಲಿ ಮಲಗಿಸಿದ. ಅತ್ತಿಗೆಯೂ ಹತ್ತಲು ಹೋದಳು.

“ನೀವಿಲ್ಲೇ ಇರಿ ಅತ್ತಿಗೆ. ಸಂಜೆ ಹೋಟೆಲಿನವರು ಬರ್ತಾರೆ. ಊಟ ಬಿಟ್ಟಿರ್ಬೇಕು, ಅದಕ್ಕೇ ತಲೆ ಸುತ್ತಿದೆ. ನಾನು ನೋಡ್ಕೋತೀನಿ.”

ಅತ್ತಿಗೆ ಒಳಗೆ ಬಂದಳು. ಕೋಣೆ ಉಸಿರು ಕಟ್ಟಿಸುವಂತಿದೆ ಅನ್ನಿಸಿತು. ಸ್ವಲ್ಪ ಗಾಳಿಯಾಡಲಿ ಎಂದು ಫ್ಯಾನನ್ನು ಪೂರ್ತಿ ಜೋರು ಮಾಡಿದಳು. ಬಿಳಿ ಹಾಸುಗಳ ಮೇಲೆ ಧೂಳು ಕೂರದಿರಲಿ ಎಂದು ಬಾಗಿಲನ್ನೂ ಮುಚ್ಚಿದಳು. ಗರಿಗರಿಯಣ್ಣ ತಲೆ ಎತ್ತದೆ ಇಸ್ತ್ರಿ ಎಳೆಯುತ್ತಿದ್ದ. ಹಾಸಿನ ಅಂಚು ಜೋಡಿಸಲು ಹೋದರೆ ಅವಳ ಬೆರಳುಗಳು ಮಾತು ಕೇಳಲಿಲ್ಲ. ಮನಸ್ಸು ಆಸ್ಪತ್ರೆಯಲ್ಲಿದೆ, ಅದಕ್ಕೇ ಹೀಗೆ ಅಂದುಕೊಂಡಳು.

ಮುಂದಿನ ಹಾಲಿನಲ್ಲಿ ಫೋನು ಬಡಿದುಕೊಂಡಿತು. ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಬಾಗಿಲು ಅವಳ ಹಿಂದೆ ದಡಾರನೆ ಮುಚ್ಚಿಕೊಂಡಿತು.

“ಅತ್ತಿಗೆ, ಬಾಯ್ಲರ್ ಉರೀತಿದೆಯಾ?” ಆ ಕಡೆಯಿಂದ ಮೈದುನ ಕೇಳಿದ.

“ಉರೀದೆ ಇನ್ನೇನು? ಅವಳು ಹೇಗಿದಾಳೆ, ಅದನ್ನ ಹೇಳು!”

“ಉಸಿರಿದೆ. ಅವಳ ರಕ್ತಕ್ಕೆ ಹೊಗೆಯ ವಿಷ ಸೇರಿದೆಯಂತೆ. ಡಾಕ್ಟ್ರು ಮೊದಲು ಕೇಳಿದ್ದೇ ಬಾಯ್ಲರ್ ಇದೆಯಾ ಅಂತ. ಅದು ಕಣ್ಣಿಗೆ ಕಾಣಲ್ಲ, ವಾಸನೇನೂ ಬರಲ್ಲ. ಎಲ್ಲಾ ಬಿಟ್ಟು ಹೊರಗೆ ಬನ್ನಿ, ಈಗ್ಲೇ! ಗರಿಗರಿಯಣ್ಣ ಎಲ್ಲಿ?”

ಫೋನು ಕೈಯಿಂದ ಜಾರಿ ನೇತಾಡಿತು. “ಅಣ್ಣಾ!” ಎಂದು ಕೂಗಿದಳು. ಕಿವಿ ಮಂದದವನಿಗೆ, ಮುಚ್ಚಿದ ಬಾಗಿಲಾಚೆ, ಫ್ಯಾನಿನ ಸದ್ದಿನೊಳಗೆ ಅದು ಎಲ್ಲಿ ಕೇಳಬೇಕು?

ಬೀದಿ ಬಾಗಿಲನ್ನು ಪೂರ್ತಿ ತೆರೆದು, ಹೊಸ್ತಿಲಲ್ಲಿ ನಿಂತು ಎದೆ ತುಂಬ ಗಾಳಿ ಎಳೆದುಕೊಂಡಳು. ಬಟ್ಟೆ ಸಾಗಿಸುವ ಗಾಲಿಬಂಡಿಯನ್ನು ಎಳೆದುಕೊಂಡು ಹಿಂದಕ್ಕೆ ಓಡಿದಳು. ಒಳಬಾಗಿಲು ಜಗ್ಗಲಿಲ್ಲ. ಚೌಕಟ್ಟಿಗೆ ಕಾಲು ಕೊಟ್ಟು ಎರಡೂ ಕೈಯಲ್ಲಿ ಎಳೆದಳು. ಕೊನೆಗೆ ಬಾಗಿಲು ಕಿತ್ತುಕೊಂಡು ಬಂದಂತೆ ತೆರೆಯಿತು.

ಗರಿಗರಿಯಣ್ಣ ಮೇಜಿನ ಮೇಲೆ ತಲೆಯಿಟ್ಟು ಮಲಗಿದಂತಿದ್ದ. ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ ಬಿಳಿ ಹಾಸನ್ನು ಕಂದು ಬಣ್ಣಕ್ಕೆ ಸುಡುತ್ತಿತ್ತು. ಅದರ ವೈರನ್ನು ಕಿತ್ತು ಎಸೆದಳು. ಅವನ ಕಂಕುಳಿಗೆ ಕೈಹಾಕಿ ಎಳೆದು ಬಂಡಿಯ ಮೇಲೆ ಕೆಡವಿದಳು. ಬಿಗಿಹಿಡಿದಿದ್ದ ಉಸಿರು ಅಲ್ಲಿಗೇ ಮುಗಿಯಿತು. ಬೇಡವೆಂದರೂ ಬಾಯಿ ತೆರೆಯಿತು, ಒಂದು ಗುಟುಕು ಆ ಗಾಳಿ ಒಳಗೆ ಹೋಯಿತು. ಕಾಲುಗಳು ಯಾರದೋ ಕಾಲುಗಳಂತಾದವು. ಹೊಸ್ತಿಲಿಗೆ ಗಾಲಿ ಸಿಕ್ಕಿಕೊಂಡಿತು. ಬಂಡಿಗೆ ಎದೆಕೊಟ್ಟು, ದೇವರನ್ನೂ ಬಾಯ್ಲರನ್ನೂ ಒಟ್ಟಿಗೇ ಬೈಯುತ್ತಾ, ನೂಕಿದಳು.

ಬೀದಿಗೆ ಬಂದು ಬಿದ್ದಾಗ ಎದುರಂಗಡಿಯ ಮುದುಕ ಓಡಿಬಂದ. “ಬೆಂಕಿನಾ ಅತ್ತಿಗೆ? ತಾಳಿ, ಒಳಗೆ ಹೋಗಿ ಆರಿಸ್ತೀನಿ.”

ಅವನ ಪಂಚೆಯ ಚುಂಗನ್ನೇ ಹಿಡಿದು ಎಳೆದಳು. “ಒಳಗೆ ಕಾಲಿಟ್ರೆ ನೋಡಿ! ಹೊರಗೋಡೆ ಹತ್ರ ಸಿಲಿಂಡರ್ ಇದೆ, ಅಲ್ಲೇ ಗ್ಯಾಸ್ ಬಂದ್ ಮಾಡಿ.”

ಹುಡುಗಿ ಸಂಜೆಗೆ ಕಣ್ಣು ಬಿಟ್ಟಳು. ಗರಿಗರಿಯಣ್ಣ ಆಮ್ಲಜನಕದ ಮುಖವಾಡದ ಕೆಳಗೆ ಎಷ್ಟೋ ಹೊತ್ತು ಹಾಗೇ ಬಿದ್ದಿದ್ದ. ಎದ್ದಾಗ ಅತ್ತಿಗೆಯನ್ನು ನೋಡಿ ತನ್ನ ತೀರಿಹೋದ ಅಕ್ಕನ ಹೆಸರು ಹಿಡಿದು ಕರೆದ. ಅತ್ತಿಗೆ ‘ಹೂಂ’ ಎಂದಳು.

ಆಮೇಲೆ ಬಂದ ಬಾಯ್ಲರ್ ಮೆಕ್ಯಾನಿಕ್ಕು, ಅತ್ತಿಗೆ ಮತ್ತು ಮೈದುನನ ಎದುರಿಗೇ, ಮೊದಲು ಬಾಗಿಲು ತೆರೆದಿಟ್ಟು, ಟವೆಲ್ಲುಗಳನ್ನು ಕಿತ್ತು, ಫ್ಯಾನು ಆರಿಸಿ ಬಾಯ್ಲರ್ ಹಚ್ಚಿದ. ಕೊಳವೆಯ ಬುಡದಲ್ಲಿದ್ದ ಸಂದಿಗೆ ಹೊಗೆಯಾಡುವ ಕಾಗದದ ಸುರುಳಿ ಹಿಡಿದ. ಹೊಗೆ ಸರ್ರನೆ ಕೊಳವೆಯೊಳಗೆ ಏರಿತು. “ಈಗ ಮೊದ್ಲಿದ್ದ ಹಾಗೆ ಮಾಡಿ. ಒಂದೇ ನಿಮಿಷ,” ಎಂದ. ಮೈದುನ ಕಿಂಡಿ ಮುಚ್ಚಿದ, ಬಾಗಿಲು ಹಾಕಿದ, ಫ್ಯಾನು ಹಚ್ಚಿದ. ಹೊಗೆ ಕೊಳವೆಯ ಬಾಯಲ್ಲಿ ತಡವರಿಸಿತು, ಬಾಗಿತು, ತಿರುಗಿ ಮೂವರ ಮುಖದ ಕಡೆಗೇ ಬಂತು. ಮೆಕ್ಯಾನಿಕ್ಕಿನ ಜೇಬಿನಲ್ಲಿದ್ದ, ಹೊಗೆಯ ವಿಷ ಪತ್ತೆಹಚ್ಚುವ ಅಲಾರಂ ಕಿರುಚಿಕೊಂಡಿತು. ಮೂವರೂ ಹೊರಗೆ ಓಡಿದರು.

“ಬೆಂಕೀಗೂ ಗಾಳಿ ಬೇಕಮ್ಮ,” ಎಂದ ಅವನು, ಏದುಸಿರು ಬಿಡುತ್ತಾ. “ಅದು ಬರೋ ದಾರಿ ಮುಚ್ಚಿತ್ತು. ಫ್ಯಾನು ಇರೋ ಗಾಳೀನೂ ಆಚೆ ಎಳೀತಿತ್ತು. ಹೊಸ ಗಾಳಿ ಎಲ್ಲಿಂದ ಬರ್ಬೇಕು? ಆ ಕೊಳವೆಯಿಂದ್ಲೇ. ಬರ್ತಾ ಹೊಗೇನೂ ಕರ್ಕೊಂಡು ಬಂತು. ಬಾಗಿಲು ಬಿಗಿಯಾಗಿದ್ದಿದ್ದೂ ಅದಕ್ಕೇ, ಫ್ಯಾನು ಅದನ್ನೂ ಒಳಗೆ ಎಳೀತಿತ್ತು.”



“ಫ್ಯಾನು ಹಾಕಿದ್ದು ನಾನು,” ಎಂದ ಮೈದುನ.

“ಕಿಂಡಿ ಮುಚ್ಚಿದ್ದು ನಾನು. ಅವಳು ಬಿದ್ಮೇಲೆ ಫ್ಯಾನು ಜೋರು ಮಾಡಿದ್ದೂ ನಾನೇ,” ಎಂದಳು ಅತ್ತಿಗೆ.

ಬಾಯ್ಲರಿಗೆ ಬೇರೆಯದೇ ಕೋಣೆ ಕಟ್ಟಿಸಿದರು. ಹೊರಗೋಡೆಗೆ ಮೇಲೊಂದು ಕೆಳಗೊಂದು ಯಾರೂ ಮುಚ್ಚಲಾಗದ ಕಿಂಡಿ, ಕೆಲಸದ ಕೋಣೆಗಳಲ್ಲಿ ಅಲಾರಂ. ಗರಿಗರಿಯಣ್ಣ ಮರಳಿ ಬಂದ, ಆದರೆ ಮಾತಿನ ನಡುವೆ ಪದ ಮರೆಯುತ್ತಾನೆ, ಕೈ ನಡುಗುತ್ತದೆ. ಅವನ ಮೇಜಿನ ಪಕ್ಕ ಅತ್ತಿಗೆ ಸದಾ ಏನೋ ಕೆಲಸ ಹುಡುಕಿಕೊಂಡು ನಿಂತಿರುತ್ತಾಳೆ.

ಹುಡುಗಿಯನ್ನು ಅವಳಪ್ಪ ಮತ್ತೆ ಕೆಲಸಕ್ಕೆ ಕಳಿಸಲಿಲ್ಲ. ಅತ್ತಿಗೆ ಕೇಳಲೂ ಇಲ್ಲ. ಚಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹುಡುಗಿಯೇ ಬಂದು ಬಾಗಿಲಲ್ಲಿ ನಿಂತಳು. ಒಳಗೆ ನೋಡಿದಳು, ಹೆಜ್ಜೆ ಇಡಲಿಲ್ಲ. ಅತ್ತಿಗೆ ‘ಬಾ’ ಎನ್ನಲಿಲ್ಲ. ಒಣಗಿದ ಹಾಸುಗಳ ಬುಟ್ಟಿಯನ್ನು ಎತ್ತಿಕೊಂಡು ತಾನೇ ಬೀದಿಗೆ ಬಂದಳು. ಬಿಸಿಲಿನಲ್ಲಿ ಇಬ್ಬರೂ ಎದುರುಬದುರು ನಿಂತು, ಎರಡೆರಡು ಮೂಲೆ ಹಿಡಿದು, ಒಂದೊಂದಾಗಿ ಮಡಿಸತೊಡಗಿದರು.